ಮೊದಲ ಕಪ್ಪೂ ಬೆಂಗಳೂರಿಗೆ, ಕೊನೆಯ ಕಪ್ಪೂ ಬೆಂಗಳೂರಿಗೆ

ಈ ಸಲ ವಲಯ ಮಟ್ಟದ ಕಬಡ್ಡಿಯಲ್ಲಿ ನಮ್ಮ ಶಾಲೆ ಮೊದಲನೇ ಪಂದ್ಯದಲ್ಲೇ ಸೋತಿತು. ಮುಂಜಾನೆ ಟೆಂಪೋದಾಗ ಹಾಡು ಹೇಳ್ಕೋತ ಹೋದವರು ಮಧ್ಯಾಹ್ನಕ್ಕೇ ಬಾಯಿ ಮುಚ್ಚಿಕೊಂಡು ತಿರುಗಿ ಬಂದೆವು. ನಾನು ಬದಲಿ ಆಟಗಾರ. ಅಂಗಳಕ್ಕೆ ಇಳಿಯಲೇ ಇಲ್ಲ. "ಇನ್ನೊಂದ್ ಮ್ಯಾಚ್ ಆದ್ರೂ ಇರಬೇಕಿತ್ತಲ್ರೀ ಸರ್" ಎಂದು ನಮ್ಮ ಪಿ.ಟಿ. ಸರ್ ಅವರನ್ನು ಕೇಳಿದೆ. "ನಾಕೌಟ್ ಅಂದ್ರ ಹಂಗಪಾ, ಸೋತವ ಮನಿಗೆ" ಎಂದರು. ನನಗೆ ಸಮಾಧಾನ ಆಗಲಿಲ್ಲ. ಆಮೇಲೆ ಈ ನಾಕೌಟ್ ಬಗ್ಗೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪಂದ್ಯಾವಳಿ ನಡೆಸುವ ರೀತಿಗಳಲ್ಲಿ ಮುಖ್ಯವಾದವು ಎರಡು. ಒಂದು ಲೀಗ್. ಇದರಲ್ಲಿ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳ ಜೊತೆ ಆಡುತ್ತದೆ. 8 ತಂಡಗಳಿದ್ದರೆ 28 ಪಂದ್ಯ. ಒಂದು ಸೋತರೂ ಮುಂದೆ ಸರಿಮಾಡಿಕೊಳ್ಳಬಹುದು. ಇನ್ನೊಂದು ನಾಕೌಟ್. ಇದರಲ್ಲಿ ಒಂದೊಂದು ಪಂದ್ಯಕ್ಕೆ ಒಂದೊಂದು ತಂಡ ಹೊರಗೆ ಹೋಗುತ್ತದೆ. 8 ತಂಡಗಳಲ್ಲಿ 7 ಹೊರಗೆ ಹೋಗಬೇಕಾದರೆ 7 ಪಂದ್ಯ ಸಾಕು. ದಿನವೂ ಕಡಿಮೆ, ಖರ್ಚೂ ಕಡಿಮೆ. ಅದಕ್ಕೇ ನಮ್ಮ ಅಥಣಿ, ರಾಯಬಾಗ, ಕಾಗವಾಡ ಕಡೆ ಜಾತ್ರೆಯ ಕಬಡ್ಡಿ ಹೆಚ್ಚಾಗಿ ಹೀಗೇ ನಡೆಯುತ್ತದೆ.

ದೊಡ್ಡ ಆಟಗಳಲ್ಲೂ ಇದೇ ನಿಯಮ. ಫುಟ್‌ಬಾಲ್ ನೋಡಿರಿ. ನಮ್ಮ ಚಿಕ್ಕೋಡಿ ಕಡೆ ಈ ಆಟ ಕಡಿಮೆ. ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋದರೆ ಅಲ್ಲಿ ತಾಲೀಮುಗಳ ಹೆಸರಿನ ಫುಟ್‌ಬಾಲ್ ತಂಡಗಳೇ ಇವೆ! ಇಡೀ ದೇಶದ ತಂಡಗಳಿಗೆ 1977ರಲ್ಲಿ ಫೆಡರೇಶನ್ ಕಪ್ ಶುರುವಾಯಿತು. ಮೊದಲ ಸಲ ಅದು ನಡೆದದ್ದು ಕೇರಳದ ಎರ್ನಾಕುಲಂನಲ್ಲಿ. ಫೈನಲ್‌ಗೆ ಬಂದವರು ಕಲ್ಕತ್ತೆಯ ಮೋಹನ್ ಬಗಾನ್ ಮತ್ತು ಬೆಂಗಳೂರಿನ ಐ.ಟಿ.ಐ. ಮೋಹನ್ ಬಗಾನ್ ಅಂದರೆ ಸಣ್ಣ ತಂಡ ಅಲ್ಲ. 1889ರಲ್ಲಿ ಹುಟ್ಟಿದ್ದು. 1911ರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿ ಇಂಗ್ಲಿಷರ ಸೈನ್ಯದ ತಂಡವನ್ನು ಸೋಲಿಸಿದವರು. ಐ.ಟಿ.ಐ. ಅಂದರೆ ಟೆಲಿಫೋನ್ ತಯಾರಿಸುವ ಕಾರ್ಖಾನೆಯ ತಂಡ. ಗೆದ್ದವರು ಯಾರು? ಕಾರ್ಖಾನೆಯವರೇ, 1–0.

ಈ ಕಪ್ಪಿನ ಕೊನೆಯ ಋತು 2017ರ ಮೇ ತಿಂಗಳಲ್ಲಿ ಒಡಿಶಾದ ಕಟಕ್‌ನಲ್ಲಿ ನಡೆಯಿತು. ಇದರಲ್ಲಿ ಲೀಗ್, ನಾಕೌಟ್ ಎರಡೂ ಕೂಡಿದ್ದವು. 8 ತಂಡಗಳನ್ನು ನಾಲ್ಕು ನಾಲ್ಕರ ಎರಡು ಗುಂಪು ಮಾಡಿದರು. ಗುಂಪಿನೊಳಗೆ ಎಲ್ಲರ ಜೊತೆ ಆಟ. ಎರಡೂ ಗುಂಪುಗಳ ಮೊದಲ ಎರಡು ತಂಡಗಳು ಸೆಮಿಫೈನಲ್‌ಗೆ. ಅಲ್ಲಿಂದ ಮುಂದೆ ಸೋತವ ಮನಿಗೆ. ಬೆಂಗಳೂರು ಎಫ್.ಸಿ. ತಂಡವು ಆ ವರ್ಷದ ಐ-ಲೀಗ್ ಗೆದ್ದಿದ್ದ ಐಜ್ವಾಲ್ ತಂಡವನ್ನು ಸೆಮಿಫೈನಲ್‌ನಲ್ಲಿ 1–0ಯಿಂದ ಸೋಲಿಸಿತು. ಫೈನಲ್‌ನಲ್ಲಿ ಎದುರಿಗೆ ಮತ್ತೆ ಅದೇ ಮೋಹನ್ ಬಗಾನ್!

90 ನಿಮಿಷ ಆಡಿದರೂ ಒಂದೂ ಗೋಲು ಇಲ್ಲ. ನಾಕೌಟ್‌ನಲ್ಲಿ ಸಮ ಎಂದು ಬಿಡುವ ಹಾಗಿಲ್ಲ. 30 ನಿಮಿಷ ಹೆಚ್ಚಿನ ಆಟ ಕೊಡುತ್ತಾರೆ. ಅದರಲ್ಲೂ ಸಮ ಆದರೆ ಪೆನಾಲ್ಟಿ ಒದೆತ. ಆದರೆ ಅಲ್ಲೀತನಕ ಹೋಗಲಿಲ್ಲ. 107ನೇ ನಿಮಿಷಕ್ಕೆ ಒಂದು, 119ಕ್ಕೆ ಇನ್ನೊಂದು ಗೋಲು. ಬೆಂಗಳೂರು 2–0. ಎರಡನ್ನೂ ಹೊಡೆದವರು ಸಿ.ಕೆ. ವಿನೀತ್.

ಗೆಳೆಯರೇ, ಇಲ್ಲೇ ನೋಡಿರಿ ಮುಖ್ಯ ಮಾತು. ವಿನೀತ್ ಆ ದಿನ ಮೊದಲ ಹನ್ನೊಂದು ಮಂದಿಯಲ್ಲಿ ಇರಲಿಲ್ಲ. ನನ್ನ ಹಾಗೇ ಹೊರಗೆ ಕುಂತಿದ್ದ ಬದಲಿ ಆಟಗಾರ! ಇದನ್ನು ಓದಿದ ಮೇಲೆ ನನಗೂ ಧೈರ್ಯ ಬಂತು. ನಾಕೌಟ್‌ನಲ್ಲಿ ಇನ್ನೊಂದು ಅವಕಾಶ ಇರುವುದಿಲ್ಲ ಖರೆ. ಅದಕ್ಕೇ ಹೊರಗೆ ಕುಂತವನೂ ತಯಾರಾಗಿ ಕುಂದರಬೇಕು. ನಾನು ಅವತ್ತು ಶೂ ಬಿಚ್ಚಿಟ್ಟು ಶೇಂಗಾ ತಿನ್ಕೋತ ಕುಂತಿದ್ದೆ. ಸರ್ ಕರೆದಿದ್ದರೂ ಏನು ಆಡುತ್ತಿದ್ದೆನೋ! ಮುಂದಿನ ವರ್ಷ ಹಂಗ ಮಾಡಂಗಿಲ್ಲ.

ನಿಮಗೊಂದು ಪ್ರಶ್ನೆ: 32 ತಂಡಗಳು ನಾಕೌಟ್ ಆಡಿದರೆ ಒಟ್ಟು ಎಷ್ಟು ಪಂದ್ಯ? ಬರೆದು ಲೆಕ್ಕ ಮಾಡಬೇಕಿಲ್ಲ. ಎಷ್ಟು ಮಂದಿ ಮನೆಗೆ ಹೋಗಬೇಕು ಎಂದು ಯೋಚಿಸಿರಿ, ಸಾಕು.

– 9ನೇ ತರಗತಿಯ ವಿದ್ಯಾರ್ಥಿ