ಮುಳವುಕಾಡಿನ ದಾಕ್ಷಾಯಣಿ ವೇಲಾಯುಧನ್

ಎರ್ನಾಕುಳದಿಂದ ಗೋಶ್ರೀ ಸೇತುವೆಗಳ ಮೇಲೆ ವಲ್ಲಾರ್ಪಾಡಂಗೆ ಹೊರಟವರಿಗೆ ಮೊದಲು ಸಿಗುವ ದ್ವೀಪ ಮುಳವುಕಾಡು. 1912ರ ಜುಲೈ 4ರಂದು ದಾಕ್ಷಾಯಣಿಯವರು ಜನಿಸಿದುದು ಇಲ್ಲಿಯ ಒಂದು ಪುಲಯ ಕುಟುಂಬದಲ್ಲಿ. ‘ಪುಲಯ’ ಎಂಬುದಕ್ಕೆ ‘ಪುಲಂ’ ಮೂಲವೆಂದು ಹೇಳುವುದುಂಟು. ಅದು ನಮ್ಮ ಹಳಗನ್ನಡದ ‘ಪೊಲ’ದ ಒಡಹುಟ್ಟು. ಹೊಲವನ್ನು ಬೆಳೆದ ಈ ಜನಕ್ಕೆ ನೆಲದ ಮೇಲೆ ಸಭೆ ಸೇರುವ ಅವಕಾಶವಿರಲಿಲ್ಲ. ಆದಕಾರಣ 1913ರಲ್ಲಿ ದೋಣಿಗಳನ್ನು ಒಂದಕ್ಕೊಂದು ಜೋಡಿಸಿ ಹಿನ್ನೀರಿನ ಮೇಲೆಯೇ ಸಭೆ ನಡೆಸಿದರು. ಇದಕ್ಕೆ ಬೆಂಬಲವಾಗಿ ನಿಂತ ಪಂಡಿತ ಕೆ. ಪಿ. ಕರುಪ್ಪನ್‌ರು ಬೆಸ್ತರ ಕುಲದವರು. 1925ರಲ್ಲಿ ಕೊಚ್ಚಿಯ ಶಾಸನ ಪರಿಷತ್ತಿನಲ್ಲಿ ದಲಿತವರ್ಗಗಳ ಪ್ರತಿನಿಧಿಯಾದವರೂ ಅವರೇ.

ದಾಕ್ಷಾಯಣಿಯವರು ಎರ್ನಾಕುಳದ ಮಹಾರಾಜಾ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಿ 1935ರಲ್ಲಿ ಪದವೀಧರೆಯಾದರು. ಅಧ್ಯಾಪಕರು ಪ್ರಯೋಗಗಳನ್ನು ತೋರಿಸಿಕೊಡದಿದ್ದುದರಿಂದ ದೂರದಲ್ಲಿ ನಿಂತು ನೋಡಿ ಕಲಿತರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಕೆಲಕಾಲ ಶಾಲೆಗಳಲ್ಲಿ ಪಾಠ ಹೇಳಿದರು. 1945ರಲ್ಲಿ ಕೊಚ್ಚಿಯ ಶಾಸನ ಪರಿಷತ್ತಿಗೆ ನಾಮಕರಣಗೊಂಡು, ಮರುವರ್ಷವೇ ಸಂವಿಧಾನ ರಚನಾ ಸಭೆಯನ್ನು ಸೇರಿದರು. ಅಲ್ಲಿದ್ದ 15 ಮಂದಿ ಮಹಿಳೆಯರಲ್ಲಿ ದಲಿತರು ಇವರೊಬ್ಬರೇ, ವಯಸ್ಸು 34.

ಅವರ ನಿಲುವು ಮಾತ್ರ ಯಾರ ನಿರೀಕ್ಷೆಗೂ ಒಗ್ಗುವಂತಹದಲ್ಲ. 1947ರ ಆಗಸ್ಟಿನ ಚರ್ಚೆಯಲ್ಲಿ ಅವರು ಪ್ರತ್ಯೇಕ ಮತದಾರ ಮಂಡಲಗಳನ್ನು ಯಾವ ರೂಪದಲ್ಲಿಯೂ ಒಪ್ಪಲಿಲ್ಲ. ಆರ್ಥಿಕವಾಗಿ ಪರರ ದಾಸರಾಗಿರುವವರೆಗೆ, ಮಂಡಲವು ಪ್ರತ್ಯೇಕವಾದರೇನು, ಜಂಟಿಯಾದರೇನು, ಅದಕ್ಕೆ ಅರ್ಥವಿಲ್ಲವೆಂಬುದು ಅವರ ವಾದ. ಜಾತಿಯ ಲೆಕ್ಕದ ನಾಮಕರಣದಿಂದಲೇ ಶಾಸನ ಪರಿಷತ್ತನ್ನು ಹೊಕ್ಕವರ ಬಾಯಲ್ಲಿ ಈ ಮಾತು ವಿರೋಧಾಭಾಸವಾಗಿ ಕಾಣಬಹುದು. ಆದರೆ ವಾದದ ತಿರುಳು ಟೊಳ್ಳಲ್ಲ. ಅಮೆರಿಕದ ಮಿಸಿಸಿಪ್ಪಿಯಲ್ಲಿ 1962ರಲ್ಲಿ ಫ್ಯಾನಿ ಲೂ ಹೇಮರ್ ಎಂಬ ನೀಗ್ರೋ ಮಹಿಳೆ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದುದಕ್ಕಾಗಿ, ತಾನು 18 ವರ್ಷ ದುಡಿದ ತೋಟದಿಂದಲೇ ಹೊರದೂಡಲ್ಪಟ್ಟಳು. ನೀಗ್ರೋ ಜನರ ಮತಾಧಿಕಾರಕ್ಕೆ ಅಲ್ಲಿನ ಸಂವಿಧಾನದಲ್ಲಿ 1870ರಿಂದಲೇ ರಕ್ಷಣೆಯಿತ್ತು. ಅನ್ನ ಮಾತ್ರ ತೋಟದ ಒಡೆಯನ ಕೈಯಲ್ಲಿತ್ತು.

1948ರ ನವೆಂಬರ್ 29ರಂದು ಅಸ್ಪೃಶ್ಯತಾ ನಿವಾರಣೆಯ ವಿಧಿಯು, ಇಂದಿನ 17ನೆಯ ವಿಧಿಯು, ಅಂಗೀಕೃತವಾದಾಗಲೂ ದಾಕ್ಷಾಯಣಿಯವರು ಅದನ್ನು ಸ್ವಾಗತಿಸಿ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಸಂವಿಧಾನ ನಡೆಯುವುದು ಜನರ ಮುಂದಿನ ನಡತೆಯನ್ನು ಅವಲಂಬಿಸಿ, ಕೇವಲ ಕಾನೂನಿನ ಜಾರಿಯಿಂದಲ್ಲ ಎಂದು ಸಭೆಗೆ ತಿಳಿಸಿದರು.

1952ರ ತರುವಾಯ ಅವರು ಸಂಸತ್ತಿನಲ್ಲಿ ಉಳಿಯಲಿಲ್ಲ. ಅನಂತರದ ಕಾರ್ಯಕ್ಷೇತ್ರ ದೆಹಲಿ. ಮುನೀರ್ಕಾದ ಕಸ ಗುಡಿಸುವ ಹೆಂಗಸರ ನಡುವೆ ಕೆಲಸಮಾಡಿ, 1977ರಲ್ಲಿ ಮಹಿಳಾ ಜಾಗೃತಿ ಪರಿಷದ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷದ ಜುಲೈ 20ರಂದು ನಿಧನಹೊಂದಿದರು.