ಪ್ರಾದೇಶಿಕ ಅಸಮತೋಲನ: ನಂಜುಂಡಪ್ಪ ವರದಿಯ ಪುನರವಲೋಕನ

ದೀರ್ಘಾವಧಿಯ ಅಭಿವೃದ್ಧಿ ಯೋಜನೆಯೊಂದರ ಮೌಲ್ಯಮಾಪನವೆಂದರೆ ವೆಚ್ಚದ ಲೆಕ್ಕ ನೋಡುವುದಷ್ಟೇ ಅಲ್ಲ. ಅದು ಬಳಸಿದ ಅಳತೆಗೋಲು ಇಂದಿಗೂ ಸಲ್ಲುವುದೇ ಎಂಬ ಪರಿಶೀಲನೆಯೂ ಹೌದು. ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯನ್ನು ಈ ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಆ ನಗರಗಳಿಗೆ ದುಡಿಮೆಯನ್ನರಸಿ ಬಂದ ಅನೇಕರ ಊರುಗಳು ಈ ವರದಿಯ ಪಟ್ಟಿಯಲ್ಲಿವೆ.

ಸಮಿತಿಯು ಜಿಲ್ಲೆಯನ್ನಲ್ಲದೆ ತಾಲ್ಲೂಕನ್ನು ಅಧ್ಯಯನದ ಘಟಕವಾಗಿ ಸ್ವೀಕರಿಸಿತು. ಕೃಷಿ, ಉದ್ಯಮ, ರಸ್ತೆ, ಶಿಕ್ಷಣ, ಆರೋಗ್ಯ ಮೊದಲಾದ ಕ್ಷೇತ್ರಗಳ 35 ಸೂಚಕಗಳನ್ನು ಒಗ್ಗೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕವನ್ನು ನಿಗದಿಪಡಿಸಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡಾಗ 175 ತಾಲ್ಲೂಕುಗಳಲ್ಲಿ 114 ಅದಕ್ಕಿಂತ ಕೆಳಗಿದ್ದವು: 35 ಹಿಂದುಳಿದವು, 40 ಅತಿ ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗಕ್ಕೇ ಸೇರಿದ್ದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವಿರುವ ಸೇಡಂ, ಶರಣರ ಕಲ್ಯಾಣ ಎರಡೂ ಅವುಗಳಲ್ಲಿದ್ದುದನ್ನು ಸಾಹಿತ್ಯಾಭ್ಯಾಸಿಗಳು ಗಮನಿಸಬೇಕು. ದಕ್ಷಿಣದ 13 ತಾಲ್ಲೂಕುಗಳೂ ಅದೇ ವರ್ಗದಲ್ಲಿದ್ದುದರಿಂದ ಅಸಮತೋಲನವು ಕೇವಲ ಉತ್ತರ-ದಕ್ಷಿಣಗಳ ಪ್ರಶ್ನೆಯಲ್ಲವೆಂಬುದೂ ಸ್ಪಷ್ಟವಾಯಿತು.

ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. ಆದರೆ ಅದು ಕಾರ್ಯರೂಪಕ್ಕೆ ಬರತೊಡಗಿದ್ದು 2007-08ರಲ್ಲಿ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯು ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿಯನ್ನೂ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯನ್ನೂ ಒದಗಿಸಿತು. 2019ರಲ್ಲಿ ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರಾಯಿತು.

ಇವುಗಳ ಫಲವನ್ನು ಅಳೆಯುವಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು, ಸೂಚ್ಯಂಕವು ಸಾಪೇಕ್ಷವಾದುದು. ಎಲ್ಲ ತಾಲ್ಲೂಕುಗಳೂ ಸಮನಾಗಿ ಮುಂದುವರಿದರೆ ಯಾವುದೂ ಪಟ್ಟಿಯಿಂದ ಹೊರಬರದು. ಆದುದರಿಂದ ಪಟ್ಟಿಯಲ್ಲಿ ಉಳಿದುದು ಪ್ರಗತಿಯಾಗಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ; ಪ್ರಗತಿಯಾಯಿತೆಂಬುದು ಅಂತರ ಕುಗ್ಗಿತೆಂಬುದಕ್ಕೂ ಸಾಕ್ಷಿಯಲ್ಲ. ಎರಡನೆಯದು, ತಾಲ್ಲೂಕುಗಳೀಗ ಇನ್ನೂರನ್ನು ಮೀರಿವೆ. ಹಳೆಯ ಎಲ್ಲೆಗಳಿಗೆ ಹೊಂದಿಸದೆ ಅಂಕಿಗಳನ್ನು ಹೋಲಿಸಲಾಗದು. ಮೂರನೆಯದು, ಉತ್ಪಾದನೆಯು ಜನಜೀವನದ ಅಳತೆಯಲ್ಲ. ಕಬ್ಬಿಣದ ಅದಿರಿಗೆ ಹೆಸರಾದ ಸಂಡೂರು ಸಹ ಅತ್ಯಂತ ಹಿಂದುಳಿದ ತಾಲ್ಲೂಕೆನಿಸಿತ್ತು.

ಈ ಮೂರಕ್ಕಿಂತ ಗಹನವಾದುದು ಗುಳೆಯ ಪ್ರಶ್ನೆ. ತಾಲ್ಲೂಕಿನ ಶಾಲೆ, ರಸ್ತೆ, ಆಸ್ಪತ್ರೆಯ ಹಾಸಿಗೆಗಳು ಎಣಿಕೆಗೆ ಸಿಗುತ್ತವೆ. ಸುಗ್ಗಿ ಮುಗಿದೊಡನೆ ಮನೆಗೆ ಬೀಗ ಹಾಕಿ ಹೊರಟ ಸಂಸಾರ ಸಿಗುವುದಿಲ್ಲ. ಜನರು ಊರು ಬಿಟ್ಟಷ್ಟೂ ತಲಾ ಲೆಕ್ಕಗಳು ಉತ್ತಮಗೊಂಡಂತೆ ತೋರುವ ಅಪಾಯವೂ ಇದೆ. ಊರಿನಲ್ಲಿಯೇ ವರ್ಷವಿಡೀ ದುಡಿಮೆ ದೊರೆಯುವುದೇ ಎಂಬುದು ಉದ್ಯೋಗನೀತಿಯ ನಿಜವಾದ ಪರೀಕ್ಷೆ.

2024ರಲ್ಲಿ ರಾಜ್ಯ ಸರ್ಕಾರವು ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ರಚಿಸಿ ಈ ಪುನರ್ವಿಮರ್ಶೆಗೆ ಅವಕಾಶ ಮಾಡಿಕೊಟ್ಟಿತು. ಹಳೆಯ ಪಟ್ಟಿಗೆ ಹೊಸ ಅಂಕಿಗಳನ್ನು ತುಂಬುವುದರಿಂದಷ್ಟೇ ನೀತಿಯು ನವೀಕರಣಗೊಳ್ಳದು. ಊರಿನಲ್ಲಿರುವವರೊಡನೆ ಊರು ಬಿಟ್ಟವರನ್ನೂ ಎಣಿಸಿದಾಗ, ಅವರು ಹೊರಟ ಕಾರಣವನ್ನೂ ದಾಖಲಿಸಿದಾಗ ಮಾತ್ರ ಅಳತೆಗೋಲು ಪೂರ್ಣವಾದೀತು. ಹೊರನಾಡಿನ ಕನ್ನಡ ಸಂಘಗಳೂ ಅಧ್ಯಯನ ಪೀಠಗಳೂ ತಮ್ಮ ನಗರಗಳಲ್ಲಿ ಇಂತಹ ಮಾಹಿತಿಯನ್ನು ಸಂಗ್ರಹಿಸಲು ಮುಂದಾಗುವುದು ಅಗತ್ಯ.