ಜೇನುನೊಣದ ನೃತ್ಯ: ಹುಟ್ಟುಗುಣವೋ, ಕಲಿಕೆಯೋ?

ಜೇಡಕ್ಕೆ ಬಲೆ ನೇಯುವುದನ್ನು ಯಾರೂ ಕಲಿಸುವುದಿಲ್ಲ. ಇಂತಹ ನಡವಳಿಕೆಯನ್ನು ಹುಟ್ಟುಗುಣವೆಂದು ಕರೆಯುವುದು ವಾಡಿಕೆ. ಕೀಟಗಳ ಬಾಳೆಲ್ಲವೂ ಹುಟ್ಟುಗುಣದಿಂದಲೇ ಸಾಗುವುದೆಂದೂ, ಹಿರಿಯರನ್ನು ನೋಡಿ ಕಲಿಯುವ ಶಕ್ತಿಯು ಮೇಲ್ತರಗತಿಯ ಪ್ರಾಣಿಗಳಿಗೆ ಮೀಸಲೆಂದೂ ಬಹುಕಾಲ ಭಾವಿಸಲಾಗಿತ್ತು. ಈ ಭಾವನೆ ಎಷ್ಟರಮಟ್ಟಿಗೆ ಸರಿ? ಜೇನುನೊಣದ ನೃತ್ಯವನ್ನು ಪರಿಶೀಲಿಸಿದರೆ ಉತ್ತರ ದೊರೆಯುತ್ತದೆ.

ಮಕರಂದದ ತಾಣವನ್ನು ಕಂಡು ಬಂದ ನೊಣವು ಗೂಡಿನೊಳಗೆ ನರ್ತಿಸಿ ಆ ಸುದ್ದಿಯನ್ನು ಒಡನಾಡಿಗಳಿಗೆ ತಿಳಿಸುತ್ತದೆ. ಈ ನೃತ್ಯದ ಅರ್ಥವನ್ನು ಬಿಡಿಸಿದವರು ಆಸ್ಟ್ರಿಯದ ಕಾರ್ಲ್ ಫಾನ್ ಫ್ರಿಶ್. 1973ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನೊಣವು ಹೊಟ್ಟೆಯನ್ನು ಅಲುಗಿಸುತ್ತ ಎರಿಯ ಮೇಲೆ ನೇರವಾಗಿ ಓಡಿ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತಿ, ಹೊರಟಲ್ಲಿಗೇ ಮರಳುತ್ತದೆ. ಓಟವು ನೆಟ್ಟಗೆ ಮೇಲ್ಮುಖವಾಗಿದ್ದರೆ ತಾಣವು ಸೂರ್ಯನಿರುವ ದಿಕ್ಕಿನಲ್ಲಿದೆಯೆಂದರ್ಥ; 40 ಡಿಗ್ರಿಗಳಷ್ಟು ಬಲಕ್ಕೆ ವಾಲಿದ್ದರೆ ಸೂರ್ಯನ ದಿಕ್ಕಿನಿಂದ ಅಷ್ಟೇ ಬಲಕ್ಕಿದೆಯೆಂದರ್ಥ. ಓಟದ ಕಾಲ ಹೆಚ್ಚಿದಷ್ಟೂ ತಾಣವು ದೂರ.

ಸಾಮಾನ್ಯವಾಗಿ ಎಳೆಯ ನೊಣಗಳು ತಾವು ನರ್ತಿಸುವ ಮುನ್ನ ಹಿರಿಯ ನೊಣಗಳ ನೃತ್ಯವನ್ನು ಹಿಂಬಾಲಿಸುತ್ತವೆ. ಈ ಅವಕಾಶವೇ ದೊರೆಯದಿದ್ದರೆ? ಚೀನಾ ಮತ್ತು ಅಮೆರಿಕಗಳ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಕೆಲವು ಗೂಡುಗಳಲ್ಲಿ ಒಂದೇ ವಯಸ್ಸಿನ ಎಳೆಯ ನೊಣಗಳನ್ನು ಮಾತ್ರ ಇರಿಸಿದರು. ಅಲ್ಲಿ ಹಿರಿಯ ನೊಣ ಒಂದೂ ಇರಲಿಲ್ಲ.

ವಯಸ್ಸು ಬಂದಾಗ ಆ ನೊಣಗಳೂ ಆಹಾರವನ್ನು ತಂದವು, ನರ್ತಿಸಿದವು. ನೃತ್ಯದ ಮೂಲರೂಪವು ಹುಟ್ಟಿನಿಂದಲೇ ಬಂದುದೆಂದು ಇದರಿಂದ ಸ್ಪಷ್ಟವಾಯಿತು. ಆದರೆ ಅವುಗಳ ನೃತ್ಯ ಅಸ್ತವ್ಯಸ್ತವಾಗಿತ್ತು: ಒಂದು ಓಟದ ದಿಕ್ಕಿಗೂ ಮುಂದಿನ ಓಟದ ದಿಕ್ಕಿಗೂ ಹೊಂದಿಕೆಯಿರಲಿಲ್ಲ, ದೂರದ ಸೂಚನೆಯೂ ತಪ್ಪಾಗಿತ್ತು. ದಿನ ಕಳೆದಂತೆ, ಅನುಭವ ಬೆಳೆದಂತೆ, ದಿಕ್ಕಿನ ದೋಷ ಕಡಿಮೆಯಾಯಿತು. ದೂರದ ದೋಷವಾದರೋ ಕೊನೆಯವರೆಗೂ ನೀಗಲಿಲ್ಲ.

ದೂರದ ವಿಷಯದಲ್ಲೇ ಹೀಗೇಕೆ? ನೊಣವು ದೂರವನ್ನು ಅಳೆಯುವುದು ರೆಕ್ಕೆಯ ದಣಿವಿನಿಂದಲ್ಲ; ಹಾರುವಾಗ ಕಣ್ಣೆದುರು ಹಿಂದಕ್ಕೆ ಸರಿಯುವ ದೃಶ್ಯಗಳಿಂದ. ಬೆಂಗಳೂರಿನಲ್ಲಿ ವ್ಯಾಸಂಗ ಮಾಡಿ ಆಸ್ಟ್ರೇಲಿಯದಲ್ಲಿ ಸಂಶೋಧನೆ ನಡೆಸಿದ ಎಂ. ವಿ. ಶ್ರೀನಿವಾಸನ್ ಮತ್ತು ಸಂಗಡಿಗರು ಇದನ್ನು ತೋರಿಸಿದ್ದಾರೆ. ಚಿತ್ತಾರವಿರುವ ಇಕ್ಕಟ್ಟಾದ ಸುರಂಗದಲ್ಲಿ ಕೆಲವೇ ಮೀಟರ್ ಹಾರಿದ ನೊಣವು ಬಹುದೂರ ಹಾರಿ ಬಂದಂತೆ ನರ್ತಿಸಿತು. ಹಾಗಾದರೆ ಮರಗಿಡಗಳ ದಟ್ಟಣೆ ಬದಲಾದಂತೆ ಅಳತೆಯೂ ಬದಲಾಗಬೇಕಷ್ಟೆ. ಆಯಾ ನೆಲಕ್ಕೆ ತಕ್ಕ ಅಳತೆಯನ್ನು ಎಳೆಯ ನೊಣವು ಹಿರಿಯರಿಂದ ಪಡೆಯುತ್ತಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದಾರೆ.

ಹುಟ್ಟುಗುಣ, ಕಲಿಕೆ ಎಂಬ ಎರಡು ಪೆಟ್ಟಿಗೆಗಳಲ್ಲಿ ಪ್ರಾಣಿಗಳ ನಡವಳಿಕೆಯನ್ನು ಬೇರೆ ಬೇರೆಯಾಗಿ ತುಂಬಿಡುವುದು ಸಾಧ್ಯವಿಲ್ಲ. ನರ್ತಿಸುವ ಪ್ರೇರಣೆಯನ್ನು ಹುಟ್ಟು ಕೊಡುತ್ತದೆ. ಅದನ್ನು ತಿದ್ದುವವರು ಹಿರಿಯರು. ಆ ತಿದ್ದುಪಡಿಗೂ ಒಂದು ಕಾಲವಿದೆ. ಅದು ಮೀರಿದರೆ ಮುಂದಿನ ಅನುಭವವೆಲ್ಲ ಸೇರಿದರೂ ಆ ಕೊರತೆ ತುಂಬದು. ಎಳ್ಳುಕಾಳಿನಷ್ಟು ಮಿದುಳಿನ ಜೀವಿಯಲ್ಲಿಯೂ ಈ ನಿಯಮ ಕಾಣುವುದೆಂಬುದೇ ಈ ಪ್ರಯೋಗದ ಹಿರಿಮೆ.